ಸಂಚಿಯೊಳಗಿನ ಆರು ಅಂಕಿ

ಈ ಸಲ ಯಾರನ್ನೂ ಕೇಳುವುದಿಲ್ಲ, ಯಾರ ಕೈಕಾಲೂ ಹಿಡಿಯುವುದಿಲ್ಲ, ಎರಡೇ ನಿಮಿಷದಲ್ಲಿ ನಾನೇ ಮಾಡಿ ಮುಗಿಸುತ್ತೇನೆ! ಮೊನ್ನೆ ಬೆಳಗ್ಗೆ ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಅದನ್ನು ಕೇಳಿಸಿಕೊಂಡವಳು ಒಬ್ಬಳೇ, ನನ್ನ ಹದಿಮೂರು ತಿಂಗಳ ಮಗಳು ಬಸವೇಶ್ವರಿ. ಬಾಯಲ್ಲಿದ್ದ ಚಮಚ ತೆಗೆದು ನನ್ನನ್ನೊಮ್ಮೆ ನೋಡಿ, ಮತ್ತೆ ಬಾಯಿಗಿಟ್ಟುಕೊಂಡಳು. ಅದನ್ನು ನಾನು ಬೆಂಬಲವೆಂದೇ ತಿಳಿದೆ.

ನಾನೊಂದು ಬ್ಲಾಗ್ ಬರೆಯುತ್ತೇನೆ. ಮೈಸೂರಿನಲ್ಲಿ ಓದಿ ಶಹಾಪುರಕ್ಕೆ ಸೊಸೆಯಾಗಿ ಬಂದವಳಿಗೆ ಕೂಸು ಹುಟ್ಟಿದ ಮೇಲೆ ಚಿಂತೆಗಳು ಎಷ್ಟು ಹೆಚ್ಚಿದವೆಂದರೆ, ಗಂಡನ ಎರಡು ಕಿವಿ ಸಾಲದೆ ಇಂಟರ್‌ನೆಟ್ಟಿನ ಮೊರೆಹೋದೆ. ಕೂಸು ಸೀನಿದರೆ ಒಂದು ಬರಹ, ದಿನವಿಡೀ ಸೀನದಿದ್ದರೆ ಗಾಬರಿಯಾಗಿ ಇನ್ನೊಂದು! ಮೊದಲ ನಗು, ಮೊದಲ ಹಲ್ಲು, ಮೊದಲ ಅಂಬೆಗಾಲು, ಎಲ್ಲ ಫೋಟೋ ಸಮೇತ ಅಲ್ಲಿವೆ. ಅಲ್ಲಿ ಮಾತ್ರ ಇವೆ. ನನ್ನ ಹಳೆಯ ಮೊಬೈಲು ಬಸವೇಶ್ವರಿಯ ಕೈಯಿಂದ ಸ್ನಾನದ ಬಕೆಟ್ಟಿಗೆ ಜಿಗಿದು ಪ್ರಾಣ ಬಿಟ್ಟ ಮೇಲೆ ಬೇರೆಲ್ಲೂ ಒಂದು ಚಿತ್ರವೂ ಉಳಿದಿಲ್ಲ.

ಅಂಥ ಬ್ಲಾಗಿನ ಕಂಪನಿಯಿಂದ ಒಂದು ಸೂಚನೆ ಬಂದಿತ್ತು. ಇನ್ನು ಪಾಸ್‌ವರ್ಡ್ ನಡೆಯುವುದಿಲ್ಲ, ಮೊಬೈಲ್ ನಂಬರ್ ಕೊಡಿ, ಒಳಗೆ ಬರುವಾಗಲೆಲ್ಲ ಅದಕ್ಕೆ ಬರುವ ಆರಂಕಿಯ ಒಟಿಪಿ ಹಾಕಿ. ಗಡುವು ದಾಟಿದರೆ ಖಾತೆ ಕಾಯಂ ಬಂದ್! ನಾನದನ್ನು ಓದಿದ್ದು ಮೊನ್ನೆ. ಗಡುವು ಮೊನ್ನೆಯೇ ಸಂಜೆ ಐದಕ್ಕೆ.

ಯಾವ ನಂಬರ್ ಕೊಡುವುದು? ನನ್ನದೇ ಕೊಟ್ಟರೆ, ರೀಚಾರ್ಜ್ ಮರೆತರೆ? ಬಸ್ಸಿನಲ್ಲಿ ಕಳೆದರೆ? ಈ ಮೊಬೈಲೂ ಬಕೆಟ್ಟಿಗೆ ಹಾರಿದರೆ? ಗಂಡನ ನಂಬರೋ, ಆಫರ್ ಕಂಡಾಗಲೆಲ್ಲ ಬದಲಾಗುತ್ತದೆ. ಈ ಮನೆಯಲ್ಲಿ ಹದಿನೈದು ವರ್ಷದಿಂದ ಬಂಡೆಯಂತೆ ನಿಂತಿರುವ ನಂಬರ್ ಒಂದೇ, ನನ್ನ ಅತ್ತೆ ಗೊಲ್ಲಾಳಮ್ಮನವರದು. ಗ್ಯಾಸಿಗೂ ಅದೇ, ರೇಷನ್ನಿಗೂ ಅದೇ, ಬ್ಯಾಂಕಿಗೂ ಅದೇ. ಅತ್ತೆ ಅಮಾವಾಸ್ಯೆಗೆಂದು ನಸುಕಿನಲ್ಲೇ ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದರು. ಮಠಕ್ಕೆ ಹೋಗುವಾಗ ಅವರ ಗುಂಡಿ ಒತ್ತುವ ಫೋನು ದೇವರ ಜಗಲಿಯ ಪಕ್ಕ ಚಾರ್ಜಿಗಿರುತ್ತದೆ. ಸದ್ದಿಲ್ಲದೆ ಅಂಕಿ ನೋಡಿಕೊಂಡು ಮೆಸೇಜ್ ಅಳಿಸಿಬಿಟ್ಟರಾಯಿತು. ಬ್ಲಾಗಿನ ಸುದ್ದಿ ಅವರ ಕಿವಿಗೆ ಬೀಳಲೇಬಾರದು. ಯಾಕೆಂದರೆ ಅದರಲ್ಲಿ ಅರ್ಧ ಕೂಸಿನ ವಿಷಯ, ಇನ್ನರ್ಧ ಅತ್ತೆಯ ವಿಷಯ!

ನಂಬರ್ ಒತ್ತಿದೆ. "ಮೂವತ್ತು ದಿನ ಈ ನಂಬರನ್ನು ಬದಲಿಸುವಂತಿಲ್ಲ, ಒಪ್ಪಿಗೆಯೇ?" ಎಂದಿತು. ಒಪ್ಪಿದೆ. "ಒಟಿಪಿ ಕಳಿಸಲಾಗಿದೆ. ಹತ್ತು ನಿಮಿಷ ಮಾತ್ರ. ಮೂರು ಸಲ ಮಾತ್ರ." ಜಗಲಿಗೆ ಓಡಿದೆ. ಚಾರ್ಜರಿನ ವೈರು ಒಂಟಿಯಾಗಿ ನೇತಾಡುತ್ತಿತ್ತು!

ಫೋನು ಅತ್ತೆಯ ಎಲೆ-ಅಡಿಕೆ ಸಂಚಿಯಲ್ಲಿ, ಸಂಚಿ ಸೊಂಟದಲ್ಲಿ, ಸೊಂಟ ಮಠದಲ್ಲಿ! ಬೇರೆ ದಾರಿ ಕಾಣದೆ ಫೋನ್ ಮಾಡಿದೆ.

"ಅತ್ತೆ, ನಿಮಗೊಂದು ಮೆಸೇಜ್ ಬಂದಿರುತ್ತೆ. ಅದರಲ್ಲಿರೋ ಆರು ಅಂಕಿ ಸ್ವಲ್ಪ ಹೇಳ್ತೀರಾ?"

"ಯಾರ್ರಿ ನೀವು?"

"ನಾನು ಅತ್ತೆ, ನಿಮ್ಮ ಸೊಸೆ!"

"ಕಳ್ಳರೂ ಹಂಗಽ ಅಂತಾರ."

ಬ್ಯಾಂಕಿನವರು ಮಹಿಳಾ ಸಂಘದ ಸಭೆಗೆ ಬಂದು, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬೋಧಿಸಿ ಹೋಗಿದ್ದರು. ಅತ್ತೆಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಆ ಬೋಧನೆಯನ್ನು ಅವರು ದೀಕ್ಷೆಯೆಂದೇ ಸ್ವೀಕರಿಸಿದ್ದರು.

"ಖರೇ ನನ್ನ ಸೊಸಿ ಇದ್ರ ಹೇಳು. ನಿನ್ನಿ ಪಲ್ಯಾಕ್ಕ ಏನ್ ಹಾಕೋದು ಮರತಿದ್ದಿ?"

"ಉಪ್ಪು."

"ಮೊನ್ನಿ ಸಾರಿಗಿ?"

"...ಉಪ್ಪು."

"ಹ್ಞಾಂ, ನನ್ನ ಸೊಸಿನೇ!" ಹಿಂದಿನಿಂದ ನಾಲ್ಕಾರು ಹೆಂಗಸರು ನಕ್ಕಿದ್ದು ಕೇಳಿಸಿತು. "ಆದ್ರ ಹೊಟ್ಟ್ಯಾಗ ಹುಟ್ಟಿದ ಮಗಗೂ ಹೇಳಬ್ಯಾಡ್ರಿ ಅಂದಾರ. ನೀನಂತೂ ಸೊಸಿ."

"ಗ್ಯಾಸಿನವನಿಗೆ ಮಾತ್ರ ಹೇಳ್ತೀರಲ್ಲ!"

"ಅಂವ ಸಿಲಿಂಡರ್ ತಂದ್ ಕೊಡ್ತಾನ. ನೀ ಏನ್ ಕೊಡ್ತಿ?"

ಹತ್ತು ನಿಮಿಷ ಮುಗಿಯಿತು. ಗೊಬ್ಬರದ ಅಂಗಡಿಯಲ್ಲಿದ್ದ ಗಂಡ ವಿಶ್ವರಾಧ್ಯನಿಗೆ ಫೋನ್ ಮಾಡಿದೆ.

"ರೀ, ನೀವಾದ್ರೂ ನಿಮ್ಮಮ್ಮನ್ನ ಕೇಳಿ!"

"ನಾ ಕೇಳಿದ್ರ ಇನ್ನಾ ಸಂಶಯ ಬರ್ತದ. ಅಲ್ಲಾ, ಆ ನಂಬರ್ ಯಾಕ ಕೊಡಾಕ ಹೋದಿ?"

"ಈ ಮನೇಲಿ ಬದಲಾಗದೇ ಇರೋದು ಅದೊಂದೇ ನಂಬರ್ ಅಂತ..."

"ನಂಬರಷ್ಟಽ ಅಲ್ಲ, ನಮ್ಮವ್ವನೂ ಬದಲಾಗಂಗಿಲ್ಲ!"

ಆದರೂ ನಾನು ಎರಡನೇ ಒಟಿಪಿ ಕಳಿಸಿದೆ, ಅವರು ಅಮ್ಮನಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಅತ್ತೆ ಪ್ರಸಾದದ ಸಾಲಿನಲ್ಲಿದ್ದರಂತೆ, ಎತ್ತಲೇ ಇಲ್ಲ. ಅದೂ ಹೋಯಿತು. ಉಳಿದದ್ದು ಒಂದೇ ಅವಕಾಶ. ಮಧ್ಯಾಹ್ನವಿಡೀ ಬಸವೇಶ್ವರಿಯನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲೇ ನಿಂತೆ. ಮೊದಲ ನಗು ಹೋಯಿತು, ಮೊದಲ ಹಲ್ಲು ಹೋಯಿತು! ಕೂಸು ಮಾತ್ರ ಆ ಹಲ್ಲಿನಿಂದಲೇ ನನ್ನ ಭುಜ ಕಚ್ಚುತ್ತಿತ್ತು.

ನಾಲ್ಕು ಮುಕ್ಕಾಲಿಗೆ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ನಾನು ಅಳಲು ಶುರುಮಾಡಿದೆ. "ಅತ್ತೆ, ಐದು ಗಂಟೆಗೆ ಕೂಸಿನ ಫೋಟೋ ಎಲ್ಲಾ ಹೋಗಿಬಿಡುತ್ತೆ! ಒಂದೂ ಉಳಿಯಲ್ಲ!"

"ಕೂಸಿನ ಫೋಟೋನಾ? ಮದ್ಲಽ ಹೇಳಬಾರದಾ ಹುಚ್ಚಿ! ನಾ ರೊಕ್ಕದ್ದು ಅನ್ಕೊಂಡಿದ್ದೆ. ಕಳಸು ಲಗು!"

ಕೊನೆಯ ಒಟಿಪಿ ಕಳಿಸಿದೆ. ಸಂಚಿ ಬಿಚ್ಚಿದರು. ಎಲೆ ಬಂತು, ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು, ಕಡೆಗೆ ಫೋನು ಬಂತು. ತೋಳು ನೀಳವಾಗಿ ಚಾಚಿ ಓದಿದರು. "ನಾಕು... ಒಂದು... ಇದು ಆರೋ ಎಂಟೋ, ತಡಿ, ಸುಣ್ಣ ಹತ್ಯದ." ಸೆರಗಿನಿಂದ ಒರೆಸಿದರು. ಎಂಟು! ಐದಕ್ಕೆ ಎರಡು ನಿಮಿಷವಿರುವಾಗ ಬ್ಲಾಗಿನ ಬಾಗಿಲು ತೆರೆಯಿತು. ನಾನು ಅತ್ತೆಯ ಕಾಲಿಗೇ ಬಿದ್ದೆ.

ಏಳುವಷ್ಟರಲ್ಲಿ ನನ್ನ ಮೊಬೈಲು ಅವರ ಕೈಯಲ್ಲಿತ್ತು. ಎಲ್ಲಕ್ಕಿಂತ ಮೇಲಿದ್ದ ಫೋಟೋದಲ್ಲಿ ಅವರೇ ಕೂಸಿಗೆ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆಯುತ್ತಿದ್ದರು.

"ಇದು ನಾನಲ್ಲೇನು? ಬುಡಕ ಏನ್ ಬರದಿ? ಓದು."

ಓದಿದೆ. "ನಮ್ಮ ಮನೆಯಲ್ಲಿ ಕೂಸು ಅತ್ತರೆ ಡಾಕ್ಟರಿಗಿಂತ ಮೊದಲು ಮೆಣಸಿನಕಾಯಿ ಬರುತ್ತದೆ. ಅದರ ಘಾಟಿಗೆ ಕೂಸು ಕೆಮ್ಮುತ್ತದೆ. ಕೆಮ್ಮಿಗೆ ಮತ್ತೆ ಮೆಣಸಿನಕಾಯಿ!"

ನಾನು ಮನಸ್ಸಿನಲ್ಲೇ ಮೈಸೂರಿನ ರೈಲಿಗೆ ಟಿಕೆಟ್ ತೆಗೆದೆ.

"ಎಷ್ಟ್ ಮಂದಿ ಓದ್ಯಾರ ಇದನ್ನ?"

"ನಲವತ್ತೊಂದು ಜನ, ಅತ್ತೆ."

"ನಲವತ್ತೊಂದಽ? ಊರ ಮಂದಿ ಕೂಸುಗಳನ್ನ ಎತಗೊಂಡು ನನ್ನ ಹತ್ರ ಇಳಿ ತಗಸ್ಲಾಕ ಬರ್ತಾರ, ನಿನ್ನ ಕೈಯಾಗ ಬರೇ ನಲವತ್ತೊಂದು ಮಂದಿನಾ? ಬರಿಲಾಕ ಬರಂಗಿಲ್ಲ ನಿಂಗ! ಇನ್ ಮ್ಯಾಲ ನಾ ಹೇಳ್ತೀನಿ, ನೀ ಬರಿ."

ನಿನ್ನೆ ಹೊಸ ಬರಹ ಸಿದ್ಧವಾಯಿತು. ಪ್ರಕಟಿಸಲು ಹೋದರೆ ಮತ್ತೆ ಒಟಿಪಿ ಕೇಳಿತು. ಅತ್ತೆ ಆಗಲೇ ಕಾಲು ಚಾಚಿ, ಫೋನು ಹಿಡಿದು, ಗೋಡೆಗೊರಗಿ ಕೂತಿದ್ದರು.

"ಅಂಕಿ ಬಂದಾವ," ಎಂದರು. "ಮೂರು ಈಗ ಹೇಳ್ತೀನಿ. ಉಳದ ಮೂರು, ನೀ ಬರದದ್ದು ಪೂರಾ ನನಗ ಓದಿ ಹೇಳಿದ ಮ್ಯಾಲ!"