ಲೆಕ್ಕ ಸರಿಯಿತ್ತು, ಅತ್ತೆ ಇರಲಿಲ್ಲ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಏಳು ಐವತ್ತು. ಪ್ಯಾರಿಸ್‌ ನಗರದ ಹೊರಗಿನ ಹೋಟೆಲೊಂದರ ಅಂಗಳದಲ್ಲಿ, ಬಿಳಿ ಬಸ್ಸಿನ ಬಾಗಿಲ ಬಳಿ ನಿಂತು, ಪ್ರವಾಸಿಗಳ ತಲೆ ಎಣಿಸುವ ಜವಾಬ್ದಾರಿಯನ್ನು ನಾನು ವಿಧಿವತ್ತಾಗಿ ವಹಿಸಿಕೊಂಡೆ. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ವಹಿಸಿಕೊಂಡೆ!

ಕಾರಣವಿತ್ತು. ಈದ್ ರಜೆಗೆಂದು ಒಮಾನ್‌ನಿಂದ ಹೊರಟ ನಮ್ಮ ತಂಡದಲ್ಲಿ ಮೂವತ್ತೊಂಬತ್ತು ಜನ. ನಮ್ಮನ್ನು ಹತ್ತು ದಿನಗಳಲ್ಲಿ ಐದು ದೇಶ ಸುತ್ತಿಸುವ ಟೂರ್ ಮ್ಯಾನೇಜರ್ ನಿಖಿಲ್, ಮುಂಬೈಯ ಹುಡುಗ. ಹಿಂದಿನ ದಿನ ಐಫೆಲ್ ಗೋಪುರದ ಕೆಳಗೆ ಅವನು ನಮ್ಮನ್ನು ಮೂರು ಸಲ ಎಣಿಸಿದ. ಮೂವತ್ತೇಳು ಬಂತು, ನಲವತ್ತೊಂದು ಬಂತು, ಮೂವತ್ತೆಂಟು ಬಂತು. ಕೊನೆಗೆ ಮೂರನ್ನೂ ಕೂಡಿಸಿ ಭಾಗಿಸಲು ಹೊರಟವನ ಕೈಯಿಂದ ನಾನು ಪಟ್ಟಿ ಕಸಿದುಕೊಂಡೆ. ಒಮಾನ್‌ನ ಸೊಹಾರ್‌ನಲ್ಲಿರುವ ಉಕ್ಕಿನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನಾನು ನಾಲ್ಕು ವರ್ಷದಿಂದ ನಟ್ಟು ಬೋಲ್ಟು ಎಣಿಸುತ್ತಿದ್ದೇನೆ. ಒಂದು ವಾಷರ್ ಕಡಿಮೆಯಿದ್ದರೆ ನನಗೆ ಊಟ ಸೇರುವುದಿಲ್ಲ. ಬೋಲ್ಟುಗಳಂತೂ ಐಸ್‌ಕ್ರೀಮ್ ತಿನ್ನಲು ಎದ್ದು ಹೋಗುವುದಿಲ್ಲ, ಮನುಷ್ಯರು ಹೋಗುತ್ತಾರೆ. ವ್ಯತ್ಯಾಸ ಅಷ್ಟೇ ಎಂದುಕೊಂಡೆ.

ನನ್ನ ಜೊತೆ ಬಂದಿದ್ದವರು ಇಬ್ಬರು. ಒಬ್ಬರು ಗಂಡ ಪ್ರಶಾಂತ್, ಸೊಹಾರ್ ಬಂದರಿನಲ್ಲಿ ಟೆಕ್ನಿಷಿಯನ್. ಇನ್ನೊಬ್ಬರು ಅವರ ತಾಯಿ, ಅಂದರೆ ನನ್ನ ಅತ್ತೆ. ತುಳು ಮನೆಯವರಾದ ನಾವು ಅತ್ತೆಯನ್ನು ಮಾಮಿ ಎಂದು ಕರೆಯುತ್ತೇವೆ. ಮಾವನಿಗೆ ಒಮಾನ್‌ನಲ್ಲೇ, ಬರ್ಕಾ ಎಂಬಲ್ಲಿ ಹೊಲಿಗೆ ಅಂಗಡಿ. "ಹಬ್ಬದಲ್ಲಿ ಅಂಗಡಿ ಮುಚ್ಚಿದ್ರೆ ಗಿರಾಕಿ ಅಳತೆ ಟೇಪಿನಲ್ಲೇ ನನ್ನನ್ನು ನೇಣು ಹಾಕಿಯಾರು. ಅವಳನ್ನು ಕರ್ಕೊಂಡು ಹೋಗಿ. ಜಾಗ್ರತೆ ಮಾತ್ರ!" ಎಂದು ವಿಮಾನ ನಿಲ್ದಾಣದಲ್ಲಿ ಮಾಮಿಯನ್ನು ನನ್ನ ಕೈಗೆ ಒಪ್ಪಿಸಿದ್ದರು. ಮಗನ ಕೈಗಲ್ಲ, ನನ್ನ ಕೈಗೆ. ಇದನ್ನು ಓದುಗರು ಗಮನಿಸಬೇಕು.

ನಾನು ಜಾಗ್ರತೆಯನ್ನು ಶಾಸ್ತ್ರೋಕ್ತವಾಗಿ ಕೈಗೊಂಡೆ. ಮಾಮಿ ಎಲ್ಲಿಯಾದರೂ ಬೀಳಿಸಿಕೊಂಡಾರೆಂದು ಅವರ ಪಾಸ್‌ಪೋರ್ಟ್, ಫೋನು, ಬಿಪಿ ಮಾತ್ರೆ, ಕನ್ನಡಕದ ಡಬ್ಬಿ ಎಲ್ಲವನ್ನೂ ನನ್ನ ಚೀಲದಲ್ಲಿ ಜಿಪ್ ಹಾಕಿ ಇಟ್ಟುಕೊಂಡೆ. ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ನಾವಿಬ್ಬರು ಕೊನೆಯ ಸಾಲಿನಲ್ಲಿ ಕೂತೆವು.

ಪ್ಯಾರಿಸ್‌ನಲ್ಲಿ ಎರಡು ದಿನ ಹದಿನಾಲ್ಕು ಸಲ ಎಣಿಸಿದೆ. ಹದಿನಾಲ್ಕು ಸಲವೂ ಮೂವತ್ತೊಂಬತ್ತು! ನಿಖಿಲ್ ಕೈ ಮುಗಿದ. ನಮ್ಮ ತಂಡದಲ್ಲಿದ್ದ, ಒಮಾನ್‌ನ ಸುವೈಕ್‌ನಲ್ಲಿ ಬೇಕರಿ ಇಟ್ಟಿರುವ ಹಸನಬ್ಬ ಕಾಕ, "ನಿಮ್ಮಂಥವರು ನನ್ನ ಬೇಕರಿಯಲ್ಲಿ ಇದ್ದಿದ್ರೆ ಬನ್ನು ಕಳವು ಆಗ್ತಿರ್ಲಿಲ್ಲ ಮಾರಾಯ್ರೆ" ಎಂದರು. ನನ್ನ ಜೀವನದ ಅತ್ಯುನ್ನತ ಪ್ರಶಸ್ತಿ ಅದು.

ಹತ್ತನೇ ತಾರೀಕು ಬ್ರಸೆಲ್ಸ್. ಒಂದೂವರೆ ಗಂಟೆಯ ನಿಲುಗಡೆ. ಅಲ್ಲಿ ಜಗತ್ಪ್ರಸಿದ್ಧವಾದ, ಉಚ್ಚೆ ಹೊಯ್ಯುವ ಹುಡುಗನ ಪ್ರತಿಮೆಯೊಂದಿದೆ. ನೋಡಿದರೆ ಒಂದು ಮೊಳದಷ್ಟುದ್ದ. "ಇದನ್ನು ನೋಡ್ಲಿಕ್ಕೆ ಇಷ್ಟು ದೂರವಾ? ನಮ್ಮ ಪ್ರಶಾಂತ ಇದಕ್ಕಿಂತ ದೊಡ್ಡವನಿದ್ದ, ಇದಕ್ಕಿಂತ ದೂರ ಹೊಯ್ತಿದ್ದ" ಎಂದು ಮಾಮಿ ಬಹಿರಂಗ ಹೇಳಿಕೆ ಕೊಟ್ಟರು. ಪ್ರಶಾಂತ್ ಮುಂದಿನ ಅರ್ಧ ಗಂಟೆ ನಮ್ಮ ಪರಿಚಯವೇ ಇಲ್ಲದವರ ಹಾಗೆ ನಡೆದರು.

ಬಸ್ಸುಗಳು ನಿಲ್ಲುವ ಜಾಗದಲ್ಲಿ ಆರೇಳು ಬಿಳಿ ಬಸ್ಸುಗಳಿದ್ದವು. ಸಣ್ಣ ಮಳೆ ಶುರುವಾಯಿತು. ನಾನು ನಮ್ಮ ಬಸ್ಸಿನ ಬಾಗಿಲಲ್ಲಿ ನಿಂತು, "ಬನ್ನಿ ಬನ್ನಿ, ಬೇಗ ಹತ್ತಿ, ಲೇಟಾಯ್ತು, ಜಲ್ದೀ ಕರೋ, ಯಲ್ಲಾ!" ಎಂದು ಕನ್ನಡ, ಹಿಂದಿ, ಅರಬ್ಬಿಗಳಲ್ಲಿ ಕರೆಯುತ್ತಾ ಪಟ್ಟಿಯಲ್ಲಿ ಗೀಟು ಹಾಕುತ್ತಿದ್ದೆ. ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದ, ಶಾಲು ಹೊದ್ದವರ ಕೈಯೊಂದನ್ನು, ಪಟ್ಟಿಯಿಂದ ಕಣ್ಣೆತ್ತದೆ, ಹಿಡಿದು ಮೇಲೆತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಒಟ್ಟು ಮೂವತ್ತೊಂಬತ್ತು.

"ನಿಖಿಲ್, ಪೂರಾ ಹೈ!" ಎಂದೆ. ಬಸ್ಸು ಆಮ್‌ಸ್ಟರ್‌ಡ್ಯಾಮ್ ಕಡೆಗೆ ಹೊರಟಿತು.

ಒಂದು ಗಂಟೆಯ ನಂತರ ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ಬಸ್ಸು ನಿಂತಿತು. ತಾಯಿಗೆ ಚಕ್ಕುಲಿ ಕೊಡಲೆಂದು ಪ್ರಶಾಂತ್ ಮುಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮುಂದಿನಿಂದ ಒಂದು ಧ್ವನಿ ಕೇಳಿತು. ಮಾಮಿಯದಲ್ಲ.

"ಯಾಂವಪಾ ನೀ? ಚಕ್ಕುಲಿ ಚಲೋ ಅದಾವ. ಆದ್ರ ನೀ ಯಾಂವ?"

ನಾನು ಓಡಿದೆ. ಮಾಮಿಯ ಸೀಟಿನಲ್ಲಿ ಕೆಂಪು ಕುಂಕುಮದ, ದುಂಡು ಮುಖದ, ಪರಮ ಶಾಂತರಾದ ಒಬ್ಬ ಅಜ್ಜಿ ನಿದ್ದೆಯಿಂದ ಎದ್ದು ಚಕ್ಕುಲಿ ಮುರಿಯುತ್ತಿದ್ದರು.

"ಅಜ್ಜಿ, ನೀವು ಯಾರು?"

"ನಾ ಹುಬ್ಬಳ್ಳಿ ಗಂಗವ್ವ. ಇದ ನಮ್ಮ ಬಸ್ಸಲ್ಲೇನ?"

"ಅಲ್ಲ! ನೀವು ಇದಕ್ಕೆ ಹೇಗೆ ಹತ್ತಿದ್ರಿ?"

"ಹ್ಯಾಂಗ ಅಂದ್ರ? ನೀನ ಕನ್ನಡದಾಗ ಕರದಿ, ನೀನ ಕೈ ಹಿಡದು ಹತ್ತಿಸಿದಿ. ಎಷ್ಟ್ ಚಲೋ ಹುಡುಗಿ ಅಂದ್ಕೊಂಡೆ. ಈಗ ನನ್ನ ಕೇಳ್ತಿ?"

ನಾನು ಚೀಲದ ಜಿಪ್ ಎಳೆದು ನೋಡಿದೆ. ಮಾಮಿಯ ಪಾಸ್‌ಪೋರ್ಟ್ ನನ್ನ ಚೀಲದಲ್ಲಿತ್ತು. ಫೋನು ಚೀಲದಲ್ಲಿತ್ತು. ಮಾತ್ರೆ, ಕನ್ನಡಕದ ಡಬ್ಬಿ ಎಲ್ಲವೂ ಅತ್ಯಂತ ಸುರಕ್ಷಿತ. ಮಾಮಿ ಮಾತ್ರ ಇರಲಿಲ್ಲ!

"ನೀನು ಎಣಿಸಿದ್ದು ಎಂತ?" ಪ್ರಶಾಂತ್ ಕೇಳಿದರು.

"ತಲೆ. ಮೂವತ್ತೊಂಬತ್ತು ಇತ್ತು. ಈಗಲೂ ಇದೆ. ಬೇಕಾದ್ರೆ ಎಣಿಸಿ!"

"ಅದ್ರಲ್ಲಿ ನನ್ನ ಅಮ್ಮನ ತಲೆ ಇಲ್ಲ ಅಲ್ವಾ!"

"ಮುಖ ನೋಡುವ ಜವಾಬ್ದಾರಿ ನನಗೆ ಯಾರೂ ಕೊಟ್ಟಿರ್ಲಿಲ್ಲ."

ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆಗ ಹೇಳಬಾರದಿತ್ತೇನೋ. ಏಕೆಂದರೆ ಹಸನಬ್ಬ ಕಾಕ ಹಿಂದಿನಿಂದ ದೊಡ್ಡ ನಿಟ್ಟುಸಿರು ಬಿಟ್ಟು, "ಖಲಾಸ್! ಅತ್ತೆಯನ್ನು ತವರಿಗೆ ಕಳಿಸಿದ ಸೊಸೆಯಂದಿರನ್ನು ಕಂಡಿದ್ದೇನೆ. ಬೆಲ್ಜಿಯಂನಲ್ಲಿ ಬಿಟ್ಟವರನ್ನು ಇದೇ ಮೊದಲು" ಎಂದರು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಆ ಕ್ಷಣ ನನಗೆ ಹೊಳೆಯಿತು. ಮಾಮಿ ಸಿಗುವುದು ಒಂದು ಕಷ್ಟ. ಸಿಕ್ಕಿದ ಮೇಲೂ ಬರ್ಕಾದಿಂದ ಸೊಹಾರ್‌ವರೆಗೆ, ಅಲ್ಲಿಂದ ಊರಿನವರೆಗೆ, ನಾನು ಬೇಕೆಂದೇ ಬಿಟ್ಟೆ ಎಂಬುದೇ ಸುದ್ದಿಯಾಗುತ್ತದೆ. ಕಳೆದದ್ದು ಮಾಮಿಯಲ್ಲ, ನನ್ನ ಮಾನ!

ಗಂಗವ್ವನವರ ಕೊರಳಲ್ಲಿ ಅವರ ಟೂರಿನ ಕಾರ್ಡು ತೂಗುತ್ತಿತ್ತು. ಅಂಗೈಯಗಲದ್ದು, ಕಿತ್ತಳೆ ಬಣ್ಣದ್ದು. ಅವರ ಕೈ ಹಿಡಿದಾಗ ಅದು ನನ್ನ ಮೂಗಿಗೇ ತಾಗಿರಬೇಕು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರ ಟೂರ್ ಮ್ಯಾನೇಜರ್ ಬೆಂಗಳೂರಿನವರು.

"ಸರ್, ನಿಮ್ಮ ಬಸ್ಸಲ್ಲಿ ನಮ್ಮ ಅತ್ತೆ ಇದ್ದಾರಾ?"

"ಸಾಧ್ಯವೇ ಇಲ್ಲ ಮೇಡಂ. ನಾನೇ ಎಣಿಸಿದ್ದೀನಿ. ನಲವತ್ನಾಲ್ಕು, ಕರೆಕ್ಟಾಗಿದೆ."

"ಲೆಕ್ಕ ಸರಿಯಿದ್ರೆ ಆಯ್ತಾ? ಮುಖ ನೋಡೋದಿಲ್ವಾ ನೀವು?" ಎಂದು ನಾನು ಗುಡುಗಿದೆ. ಪ್ರಶಾಂತ್ ನನ್ನನ್ನೇ ನೋಡುತ್ತಿದ್ದರು. ನಾನು ಕಿಟಕಿಯ ಹೊರಗಿನ ಹಸುಗಳನ್ನು ನೋಡಿದೆ.

ಅವರು "ವಿಚಾರಿಸಿ ಹೇಳ್ತೀನಿ" ಎಂದು ಫೋನಿಟ್ಟರು. ಅಷ್ಟರಲ್ಲಿ ನನ್ನ ಚೀಲದೊಳಗಿನಿಂದ ಮಾಮಿಯ ಫೋನು ಹಾಡತೊಡಗಿತು. ಮಾವ! ಒಮಾನ್‌ನಲ್ಲಿ ಸಂಜೆಯ ಚಹಾದ ಹೊತ್ತು. ದಿನಾ ಆಗ ಹೆಂಡತಿಗೆ ಫೋನ್ ಮಾಡದೆ ಅವರಿಗೆ ಚಹಾ ಇಳಿಯುವುದಿಲ್ಲ.

ಪ್ರಶಾಂತ್ ಎತ್ತಿದರು. "ಹಾಂ ಅಪ್ಪ. ಅಮ್ಮನಾ? ಅಮ್ಮ ಬಾತ್‌ರೂಮಿಗೆ ಹೋಗಿದ್ದಾರೆ."

"ಹೌದಾ. ಬಂದ ಮೇಲೆ ಮಾಡ್ತೇನೆ."

ಐದು ನಿಮಿಷಕ್ಕೆ ಮತ್ತೆ ಬಂತು. ಈ ಬಾರಿ ನನ್ನ ಕೈಗೆ ತುರುಕಿದರು.

"ಮಾವ, ಮಾಮಿ ಇನ್ನೂ ಬಂದಿಲ್ಲ. ಇಲ್ಲಿ ಕ್ಯೂ ಉಂಟು."

"ಎಷ್ಟು ಜನ ಉಂಟು ಕ್ಯೂನಲ್ಲಿ? ನೀನು ಎಣಿಸಿರ್ತೀಯಲ್ಲ."

"ಒಂಬತ್ತು" ಎಂದೆ. ಸುಳ್ಳಿಗೂ ಒಂದು ನಿಖರತೆ ಬೇಡವೇ?

ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಮಾವ ಹೇಳಿದರು: "ವಿಚಿತ್ರ ಮಗಾ. ಅವಳು ಅರ್ಧ ಗಂಟೆ ಮೊದಲು ಯಾರದ್ದೋ ಫೋನಿಂದ ಅಂಗಡಿ ನಂಬ್ರಕ್ಕೆ ಮಾಡಿದ್ಲು. ಅವಳಿಗೆ ಬಾಯಿಪಾಠ ಇರುವ ನಂಬ್ರ ಅದೊಂದೇ. ನಾನೀಗ ಬೇರೆ ಬಸ್ಸಲ್ಲಿದ್ದೇನೆ, ಒಳ್ಳೆ ಜನ, ಬ್ರಸೆಲ್ಸಿನಲ್ಲೇ ರಾತ್ರಿಗೆ ಉಳಿಯುದಂತೆ ಅಂದ್ಲು. ಬಾತ್‌ರೂಮಿನ ಸುದ್ದಿಯೇ ಎತ್ತಲಿಲ್ಲ."

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಬಾಯ್ಬಿಡಲಿಲ್ಲ. ಅಲ್ಲಿಯ ರಸ್ತೆಗಳು ಬಹಳ ಗಟ್ಟಿ.

"ಗೊತ್ತಿದ್ದೂ ಯಾಕೆ ಕೇಳಿದ್ರಿ ಮಾವ?"

"ನೀವಿಬ್ರು ಎಷ್ಟು ದೂರ ಹೋಗ್ತೀರಿ ನೋಡುವಾಂತ."

ಬಸ್ಸು ಹಿಂದಿರುಗಲು ಚಾಲಕ ಒಪ್ಪಲಿಲ್ಲ. ದಿನಕ್ಕೆ ಇಷ್ಟೇ ಹೊತ್ತು ಓಡಿಸಬೇಕೆಂದು ಅವರ ಕಾನೂನಂತೆ. ನಿಖಿಲ್ ನಮ್ಮಿಬ್ಬರನ್ನೂ ಗಂಗವ್ವನವರನ್ನೂ ಆಂಟ್‌ವರ್ಪ್ ರೈಲು ನಿಲ್ದಾಣದಲ್ಲಿ ಇಳಿಸಿದ. ಆಮ್‌ಸ್ಟರ್‌ಡ್ಯಾಮ್ ಕಾಲುವೆಗಳಲ್ಲಿ ದೋಣಿ ವಿಹಾರ ಅಂದೇ ಇತ್ತು. ನಾವು ಹಣ ಕಟ್ಟಿದ್ದ ಮೂರು ಸೀಟುಗಳಲ್ಲಿ ಹಸನಬ್ಬ ಕಾಕ ಕಾಲು ಚಾಚಿ ಮಲಗಿದ ಫೋಟೋ ನನಗೆ ವಾಟ್ಸಾಪ್‌ನಲ್ಲಿ ಬಂತು.

ರೈಲಿನಲ್ಲಿ ಗಂಗವ್ವ ಬಹಳ ಖುಷಿಯಾಗಿದ್ದರು. "ಟೂರಿನ್ಯಾಗ ರೈಲು ಇರಲಿಲ್ಲ ನೋಡ, ಇದು ಫ್ರೀ ಸಿಕ್ಕಂಗಾತು" ಎಂದು ಉಳಿದ ಚಕ್ಕುಲಿ ಮುಗಿಸಿದರು. ನಾನು ಅವರ ಕೈಯನ್ನು ಕ್ಷಣವೂ ಬಿಡಲಿಲ್ಲ. ಪಾಯಿಖಾನೆಗೆ ಹೋದಾಗಲೂ ಬಾಗಿಲ ಹೊರಗೆ ಕಾವಲು ನಿಂತೆ. ಇವರೂ ಬದಲಾದರೆ ನಾನು ಯಾವ ಮುಖ ಹೊತ್ತು ಹೋಗಲಿ?

ಆ ತಂಡ ಊಟಕ್ಕೆ ಕೂತಿದೆಯೆಂದು ಅವರ ಮ್ಯಾನೇಜರ್ ಫೋನಿನಲ್ಲಿ ತಿಳಿಸಿದ, ಬ್ರಸೆಲ್ಸಿನ ಒಂದು ಇಂಡಿಯನ್ ಹೋಟೆಲಿಗೆ ತಲುಪಿದೆವು. ದಾರಿಯುದ್ದಕ್ಕೂ ನಾನು ಕಲ್ಪಿಸಿಕೊಂಡದ್ದು ಒಂದು ಮೂಲೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ ಕೂತ ಮಾಮಿಯನ್ನು. ಒಳಗೆ ಹೋದರೆ ಉದ್ದನೆಯ ಮೇಜಿನ ನಡುವೆ, ಯಾರದೋ ಹೂವಿನ ಟೋಪಿ ಹಾಕಿಕೊಂಡು, ಮಾಮಿ ಏನೋ ಕಥೆ ಹೇಳುತ್ತಿದ್ದರು. ಸುತ್ತಲಿನ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಕಥೆಯ ಕೊನೆಗೆ ಮಾಮಿ ಬೆರಳು ಮಡಚಿ ಗಾಳಿಯಲ್ಲಿ ಏನನ್ನೋ ಎಣಿಸಿ ತೋರಿಸಿದರು. ಮತ್ತೆ ನಗು!

ಪ್ರಶಾಂತ್ ಓಡಿಹೋಗಿ, "ಅಮ್ಮಾ!" ಎಂದು ತಬ್ಬಿಕೊಂಡರು.

"ಇಷ್ಟು ಬೇಗ ಯಾಕೆ ಬಂದ್ರಿ? ನಾಳೆ ಬಂದಿದ್ರೂ ಸಾಕಿತ್ತು" ಎಂದರು ಮಾಮಿ.

"ಮಾಮಿ, ಹೆದರಿಕೆ ಆಯ್ತಾ?" ನಾನು ಕೇಳಿದೆ.

"ನನಗೆಂತ ಹೆದರಿಕೆ? ಕನ್ನಡದಲ್ಲಿ ‘ಹತ್ರಿ ಅಮ್ಮಾ’ ಅಂದ್ರು, ಹತ್ತಿದೆ. ನೀನೇ ಯಾಕೋ ಬಿಳಚಿಕೊಂಡಿದ್ದೀ. ಊಟ ಮಾಡು ಮೊದ್ಲು" ಎಂದು ತಮ್ಮ ತಟ್ಟೆಯ ಜಾಮೂನನ್ನು ನನ್ನ ಬಾಯಿಗೇ ಇಟ್ಟರು. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಒಬ್ಬಾಕೆ ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

"ಇಕೀನ ಏನು, ಆ ಸೊಸಿ?"

ಇಡೀ ಮೇಜು ನನ್ನನ್ನು ನೋಡಿತು. ಯಾರೋ ಕೆಮ್ಮಿದರು. ಅವರ ಮ್ಯಾನೇಜರ್ ನೀರು ಕುಡಿಯುವ ನೆಪದಲ್ಲಿ ಮುಖ ಮುಚ್ಚಿಕೊಂಡರು.

ಮರುದಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನನ್ನನ್ನು ಅಧಿಕಾರದಿಂದ ವಜಾ ಮಾಡಲಾಯಿತು. ಎಣಿಕೆಯ ಪಟ್ಟ ಹಸನಬ್ಬ ಕಾಕನಿಗೆ ಹೋಯಿತು. ಅವರಿಗೆ ನಲವತ್ತು ಬಂತು, ಚಾಲಕನನ್ನೂ ಸೇರಿಸಿದ್ದರು! ನಾನು ಡೈರಿಯಲ್ಲಿ ಬರೆದುಕೊಂಡೆ, ಅಷ್ಟೇ.

ಈಗ ನಾವು ಹಿಂತಿರುಗಿ ಎರಡು ತಿಂಗಳಾಯಿತು. ನಾನು ಹೆದರಿದಂತೆಯೇ ಸುದ್ದಿ ಹಬ್ಬಿದೆ. ಬರ್ಕಾದ ಒಂದು ಸೀಮಂತದಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬರು ತಮ್ಮ ಅತ್ತೆಯ ಸೆರಗು ಹಿಡಿದುಕೊಂಡು ನನ್ನನ್ನು ದಾಟಿ ಹೋದರು. ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೇನೆ, ಇಲ್ಲಿಯೂ ಹೇಳುತ್ತೇನೆ: ನನ್ನ ಲೆಕ್ಕ ತಪ್ಪಿರಲಿಲ್ಲ. ಅವರ ಲೆಕ್ಕವೂ ತಪ್ಪಿರಲಿಲ್ಲ. ಎರಡು ಬಸ್ಸುಗಳ ಎಣಿಕೆ ಪಕ್ಕಾ ಇರುವಾಗ ದೋಷ ಎಣಿಸಿದವರದ್ದು ಹೇಗಾಗುತ್ತದೆ? ಮಾಮಿ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವರನ್ನು ಯಾರಾದರೂ, "ಸೊಸೆ ಬಿಟ್ಟು ಹೋದಳಂತೆ, ಹೌದಾ?" ಎಂದು ಕೇಳಿದರೆ ಅವರು ಹೌದೂ ಎನ್ನುವುದಿಲ್ಲ, ಇಲ್ಲವೂ ಎನ್ನುವುದಿಲ್ಲ. ನಗುತ್ತಾರೆ. ಆ ಬಸ್ಸಿನಲ್ಲಿ ಏನು ಹೇಳಿದಿರಿ ಎಂದು ನಾನು ಕೇಳಿದರೂ ಅದೇ ನಗು. ಗಂಗವ್ವನವರ ಜೊತೆ ಮಾತ್ರ ವಾರಕ್ಕೊಮ್ಮೆ ಫೋನು, ಬಾಗಿಲು ಮುಚ್ಚಿಕೊಂಡು.

ಆದ್ದರಿಂದ ಓದುಗರಲ್ಲಿ ವಿನಂತಿ. ಆ ಮಂಗಳವಾರ ಮಧ್ಯಾಹ್ನ ಬ್ರಸೆಲ್ಸಿನಲ್ಲಿ ಆ ಹುಬ್ಬಳ್ಳಿ ಬಸ್ಸಿನಲ್ಲಿದ್ದವರು, ಇಲ್ಲವೇ ಇದ್ದವರ ನೆಂಟರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ಅತ್ತೆ ನನ್ನ ಬಗ್ಗೆ ಏನು ಹೇಳಿದರೆಂದು ದಯವಿಟ್ಟು ಬರೆದು ತಿಳಿಸಿ. ಹೊಗಳಿದ್ದರೆ ಎಲ್ಲರೂ ಓದುವಂತೆ ಪತ್ರಿಕೆಗೇ ಬರೆಯಿರಿ. ಬೇರೇನಾದರೂ ಹೇಳಿದ್ದರೆ ನನಗೊಬ್ಬಳಿಗೇ ಬರೆಯಿರಿ.

ಪತ್ರಿಕೆಯಲ್ಲಿ ಏನೂ ಬರದಿದ್ದರೆ ನಾನೇ ಅರ್ಥ ಮಾಡಿಕೊಳ್ಳುತ್ತೇನೆ.