ಹಿಮದ ಗಾಡಿ ನಿಲ್ಲುವ ಜಾಗ

ಕನಿಷ್ಠ ಕೂಲಿ ಏರಬೇಕೋ ಬೇಡವೋ ಎಂಬ ಊರಿನ ಮಹಾಚರ್ಚೆ ವೆಂಡೆಲ್ ಕ್ರುಪ್ಕಾನ ಮಟ್ಟಿಗೆ ಅವನ ಎಡದವಡೆಯ ಹಲ್ಲಿನಲ್ಲೇ ನಡೆದಿತ್ತು. ಹಲ್ಲು ಕೀಳಲು ವೈದ್ಯರು ಕೇಳಿದ ಹಣವನ್ನು ಈಗಿನ ಕೂಲಿಯಲ್ಲಿ ಕೂಡಿಡುತ್ತ ಹೋದರೆ, ಅಷ್ಟರೊಳಗೆ ಬಾಯಲ್ಲಿದ್ದ ಹಲ್ಲುಗಳೆಲ್ಲ ತಾವಾಗಿಯೇ ಉದುರಿ ಖರ್ಚು ಉಳಿಸುವಂತಿದ್ದವು.

ಮಿನೆಸೊಟಾದ ಆ ಪುಟ್ಟ ಊರಿನ ಕೊನೆಯಲ್ಲಿದ್ದ ಬರ್ನಡೀನಳ ಹೋಟೆಲಿನಲ್ಲಿ ಅವನು ತಟ್ಟೆ ತೊಳೆಯುತ್ತಿದ್ದ. ಕೊನೆಯೆಂದರೆ ನಿಜಕ್ಕೂ ಕೊನೆಯೇ. ಪುರಸಭೆಯ ಹಿಮ ತೆಗೆಯುವ ಗಾಡಿ ದಿಬ್ಬಣದ ಆನೆಯಂತೆ ಘನವಾಗಿ ಬಂದು, ಅಡುಗೆಮನೆಯ ಗೋಡೆ ಶುರುವಾಗುವಲ್ಲಿ ಗಕ್ಕನೆ ನಿಂತು ಹಿಂದಿರುಗುತ್ತಿತ್ತು. ಅಲ್ಲಿಂದಾಚೆಯ ಹಿಮ ಪಕ್ಕದ ಊರಿನದು. ಪಕ್ಕದ ಊರಿನ ಗಾಡಿ ಒಂದು ದಿನವೂ ಬಂದದ್ದಿಲ್ಲ. ಆ ಹಿಮಕ್ಕೆ ವೆಂಡೆಲ್ ಇದ್ದ, ಒಂದು ಸಲಿಕೆ ಇತ್ತು.

ಅಂದು ಬೆಳಿಗ್ಗೆ ಬರ್ನಡೀನ್ ಜೇನು ಸುರಿಯುವ ದನಿಯಲ್ಲಿ ಕರೆದಳು.

"ವೆಂಡೆಲ್, ಸಂಜೆ ಪುರಸಭೆಯಲ್ಲಿ ಎದ್ದು ಒಂದು ಮಾತು ಹೇಳಪ್ಪಾ. ಕೂಲಿ ಏರಿದ್ರೆ ನಮ್ಮಂಥವರು ಬಾಗಿಲು ಹಾಕ್ಬೇಕಾಗುತ್ತೆ ಅಂತ. ನಾಳೆಯಿಂದ ನಿನ್ನನ್ನ ಮುಂದ್ಗಡೆ ಟೇಬಲ್ ಒರೆಸೋಕೆ ಹಾಕ್ತೀನಿ."

"ಕೂಲಿ ಎಷ್ಟು ಕೊಡ್ತೀರಿ?"

"ಅಷ್ಟೇ. ಆದ್ರೆ ಮರ್ಯಾದೆ ಜಾಸ್ತಿ."

ಗಿರಾಕಿಗಳಿಗೆ ಕಾಫಿ ಸುರಿಯುತ್ತಿದ್ದ ಮಾವಿಸ್ ಇದು ಕಿವಿಗೆ ಬಿದ್ದದ್ದೇ ತಡ ಸಿಡಿದಳು. "ಹಲ್ಲುನೋವಿಗೆ ಮರ್ಯಾದೆ ಅರೆದು ಹಚ್ಕೋ! ನಮ್ಮ ಕಡೆ ಮಾತಾಡ್ಲಿಲ್ವೋ, ಇನ್ಮೇಲೆ ನನ್ನ ಕೈಯಿಂದ ನಿಂಗೆ ಒಂದು ಚೂರು ಸೇಬಿನ ಪೈ ಸಿಗಲ್ಲ, ನೋಡ್ಕೋ."

ಆಲೂಗಡ್ಡೆ ಕರಿಯುತ್ತಿದ್ದ ಡಾರಿಲ್ ಮಾತ್ರ ಜಾಲರಿಯನ್ನು ಎಣ್ಣೆಯಲ್ಲೇ ಬಿಟ್ಟು ಓಡಿಬಂದ. "ನಾನು ಹೇಳ್ತೀನಿ ಬರ್ನಡೀನ್! ಬೇಕಾದ್ರೆ ಅತ್ತು ಹೇಳ್ತೀನಿ!"

ವೆಂಡೆಲ್‌ನ ಊದಿದ ಕೆನ್ನೆ ಇನ್ನಷ್ಟು ಊದಿತು. "ಮುಂದ್ಗಡೆ ಜಾಗ ಅವನಿಗೇ ಕೊಡಿ. ನನ್ನ ನಾಲಿಗೆ ಮಾರಾಟಕ್ಕಿಲ್ಲ." ಜೀವಮಾನದಲ್ಲೇ ಮೊದಲ ಬಾರಿಗೆ ಅವನು ಸೆಟೆದು ನಿಂತಿದ್ದ. ಬೆನ್ನೂ ನೋಯತೊಡಗಿತು.

ಸಂಜೆ ಸಭೆ ತುಂಬಿತ್ತು. ದೋಣಿ ಮಾರುವ ಶ್ರೀಮಂತನೊಬ್ಬ, ಕಡಿಮೆ ಕೂಲಿಯಲ್ಲಿ ಕಷ್ಟಪಟ್ಟರೆ ವ್ಯಕ್ತಿತ್ವ ಬೆಳೆಯುತ್ತದೆಂದು ಬೋಧಿಸಿದ. ತನ್ನ ವ್ಯಕ್ತಿತ್ವವನ್ನು ಹಾಗೆ ಬೆಳೆಸಿಕೊಳ್ಳಲು ಪಾಪ, ಅವನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಡಾರಿಲ್ ಕೊಟ್ಟ ಮಾತಿನಂತೆ ಅಳಲು ನೋಡಿದ. ಮುಖ ಕಿವುಚಿದನೇ ಹೊರತು ಹನಿ ಬೀಳಲಿಲ್ಲ.

ಆಮೇಲೆ ವೆಂಡೆಲ್ ಎದ್ದ. ಬಾಯಿ ತೆರೆಯುವುದಕ್ಕೂ ಯಾರೋ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಜನವರಿಯ ಗಾಳಿ ನೆಟ್ಟಗೆ ಬಂದು ಆ ಹಲ್ಲಿಗೇ ತಗುಲಿತು. "ದಯವಿಟ್ಟು..." ಎಂದ. ಅಷ್ಟೇ. ಕಣ್ಣಿನಿಂದ ಧಾರೆ, ಗಂಟಲಿನಿಂದ ನರಳಿಕೆ. ಸಭೆಯ ತುಂಬ ಕರವಸ್ತ್ರಗಳು ಹೊರಬಂದವು. ದೋಣಿಯವನೂ ಮೂಗು ಒರೆಸಿಕೊಂಡ.

ಅಧ್ಯಕ್ಷೆ ಗದ್ಗದಿತಳಾಗಿ ಸಾರಿದಳು: "ಬರುವ ತಿಂಗಳಿಂದ ನಮ್ಮೂರಿನ ಎಲ್ಲೆಯೊಳಗೆ ದುಡಿಯೋ ಪ್ರತಿಯೊಬ್ಬರಿಗೂ ಹೊಸ ಕೂಲಿ!"

ಮಾವಿಸ್ ಅವನನ್ನು ಅಪ್ಪಿಕೊಂಡು, ನೋಯುವ ಕೆನ್ನೆಗೇ ಮುತ್ತಿಟ್ಟಳು. ಬರ್ನಡೀನ್ ದೂರದಿಂದಲೇ ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ.

ಮರುದಿನ ಅವನು ಹೋಟೆಲಿಗೆ ಬಂದಾಗ ಡಾರಿಲ್ ಶಿಳ್ಳೆ ಹಾಕುತ್ತ ಮುಂದಿನ ಟೇಬಲ್ ಒರೆಸುತ್ತಿದ್ದ.

"ಬರ್ನಡೀನ್, ಬರೋ ತಿಂಗಳಿಂದ ನನ್ನ ಹೊಸ ಕೂಲಿ..." ವೆಂಡೆಲ್ ರಾಗ ಎಳೆದ.

"ಹಿಮದ ಗಾಡಿ ಎಲ್ಲಿ ನಿಲ್ಲುತ್ತೆ, ವೆಂಡೆಲ್?"

"ಅಡುಗೆಮನೆ ಗೋಡೆ ಹತ್ರ."

"ಯಾಕಪ್ಪಾ ಅಲ್ಲಿ?"

"ಅಲ್ಲಿಗೆ ನಮ್ಮೂರು ಮುಗಿಯುತ್ತಲ್ಲ, ಅದಕ್ಕೇ..."

ವೆಂಡೆಲ್ ಮೆಲ್ಲನೆ ತಿರುಗಿ, ಗೋಡೆಯ ಆಚೆಗಿದ್ದ, ತಾನು ತಟ್ಟೆ ತೊಳೆಯುವ ತೊಟ್ಟಿಯನ್ನು ನೋಡಿದ.

"ಪಕ್ಕದೂರಲ್ಲಿ ಹಳೇ ಕೂಲೀನೇ," ಎಂದಳು ಬರ್ನಡೀನ್. "ನಿನ್ನೆ ಮುಂದ್ಗಡೆ ಬಾ ಅಂದ್ರೆ ಬೇಡ ಅಂದೋನು ನೀನೇ."

ಡಾರಿಲ್ ಬಂದು ಅವನ ಕೈ ಕುಲುಕಿದ. "ಥ್ಯಾಂಕ್ಸ್ ಕಣೋ! ನಿನ್ನೆ ನಿಜವಾಗ್ಲೂ ಏನು ಅತ್ತೆ ಮಾರಾಯ! ನಿನ್ನಿಂದ ನನ್ನ ಕೂಲಿ ಏರ್ತು."

ಹೊರಗೆ ಹಿಮದ ಗಾಡಿ ಗುಡುಗುತ್ತ ಬಂತು; ಗೋಡೆಯವರೆಗೆ ಬಂದು ನಿಂತಿತು; ಹಿಂದೆ ತಿರುಗಿತು.

ಬರ್ನಡೀನ್ ಸಲಿಕೆಯನ್ನು ಅವನ ಕೈಗಿತ್ತಳು. "ಹೋಗಪ್ಪಾ. ನಿನ್ನೂರಲ್ಲಿ ರಾತ್ರಿ ಜೋರಾಗಿ ಬಿದ್ದಿದೆ."