ಟೋಪಿಯ ಒಳಗಿನ ತುರಿಕೆ

ಮಗಳ ಮದುವೆಯ ಮಾತುಕತೆಗೆಂದು ಔರಾದಿಗೆ ಹೊರಟ ದಿನ ಏನೇನು ಕೆಡಬಹುದು ಎಂಬ ಪಟ್ಟಿ ಬೆಳಗಿನ ಚಹಾದ ಹೊತ್ತಿಗೇ ನನ್ನ ಮನಸ್ಸಿನಲ್ಲಿ ತಯಾರಾಗಿತ್ತು. ಬಾಡಿಗೆ ಜೀಪು ಜನವಾಡದ ಆಚೆ ಪಂಕ್ಚರ್ ಆಗಬಹುದು. ಹೆಂಡತಿ ಕಸ್ತೂರಿ ಕಟ್ಟಿಸಿದ ಪೇಢೆಯ ಡಬ್ಬಿ ಮನೆಯಲ್ಲೇ ಉಳಿಯಬಹುದು. ಹುಡುಗನ ಕಡೆಯವರಲ್ಲಿ ಯಾರೋ ಒಬ್ಬರು ಹಿಂದೆ ಬೀದರಿನ ನಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದು, ನನ್ನಿಂದ ‘ನಾಳಿ ಬರ್ರಿ’ ಅನ್ನಿಸಿಕೊಂಡು ಹೋದವರೇ ಆಗಿರಬಹುದು. ಭಾಲ್ಕಿಯಿಂದ ಬರುವ ನನ್ನ ಅಕ್ಕ, ಮಗಳು ಚಿಕ್ಕವಳಿದ್ದಾಗ ಹಟ ಹಿಡಿದು ಬಾವಿಕಟ್ಟೆಯ ಮೇಲೆ ಕೂತಿದ್ದ ಕಥೆಯನ್ನು ಅಲ್ಲೇ ತೆಗೆಯಬಹುದು. ನನಗೆ ಬಿಕ್ಕಳಿಕೆ ಹತ್ತಬಹುದು. ನನ್ನ ತಲೆಯ ಅಳಿದುಳಿದ ಕೂದಲಲ್ಲೊಂದು ಬೀಗರ ಮನೆಯ ಶಿರಾದ ತಟ್ಟೆಗೆ ಬೀಳಬಹುದು. ಇಷ್ಟೆಲ್ಲ ಯೋಚಿಸಿದವನು ತಲೆ ತುರಿಸಬಹುದು ಎಂಬುದನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ಯಾಕೆಂದರೆ ಅದು ಆಗಬಹುದಾದದ್ದಲ್ಲ; ನಾಲ್ಕು ತಿಂಗಳಿನಿಂದ ಬಿಡದೆ ಆಗುತ್ತಲೇ ಇದ್ದದ್ದು.

ಐವತ್ತರ ಹತ್ತಿರ ಬಂದವನಿಗೆ ಕೂದಲು ಉದುರುವುದು ಏನೂ ಹೊಸ ಸುದ್ದಿಯಲ್ಲ. ಆದರೆ ಮಗಳ ಮದುವೆಯ ಫೋಟೋದಲ್ಲಿ ನನ್ನ ನೆತ್ತಿಯೇ ಮೊದಲು ಕಾಣುತ್ತದೆ ಎಂಬ ಚಿಂತೆ ಹತ್ತಿ, ಬೀದರಿನ ಒಬ್ಬ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ಒಂದು ಬಾಟಲಿ ಬರೆದುಕೊಟ್ಟರು. ದಿನಕ್ಕೆರಡು ಸಲ, ಹನಿಹನಿಯಾಗಿ, ಬಯಲಾದ ಜಾಗಕ್ಕೆ. “ಮೊದಮೊದಲು ಇನ್ನಷ್ಟು ಉದುರ್ತಾವ್ರಿ, ಅಂಜಬ್ಯಾಡ್ರಿ” ಅಂದರು. ಅಂಜಬೇಡ ಎಂದ ಕೂಡಲೇ ಅಂಜುವುದು ನನ್ನ ಹುಟ್ಟುಗುಣ. ದಿನಾ ಬೆಳಿಗ್ಗೆ ದಿಂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದೇ ಒಂದು ಪೂಜೆಯಾಯಿತು. ಅಷ್ಟರಲ್ಲಿ ತುರಿಕೆ ಶುರುವಾಯಿತು. ಔಷಧಿ ಒಣಗುವುದೇ ತಡ, ನೆತ್ತಿಯ ಮೇಲೆ ಇರುವೆಗಳು ಮೆರವಣಿಗೆ ಹೊರಡುತ್ತಿದ್ದವು. ಕೆರೆದುಕೊಂಡರೆ ಕೂದಲು ಹೋಗುತ್ತದೆ, ಬಿಟ್ಟರೆ ಜೀವ ಹೋಗುತ್ತದೆ. ಮತ್ತೆ ಡಾಕ್ಟರರ ಹತ್ತಿರ ಓಡಿದೆ.

“ಈ ಔಷಧಿ ಕೆಲವರ ಚರ್ಮಕ್ಕ ಒಗ್ಗಂಗಿಲ್ರಿ,” ಅಂದರು ಅವರು. “ಈ ಶಾಂಪೂ ವಾರಕ್ಕ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೀರಿ. ಉಗುರು ಮಾತ್ರ ಹಚ್ಚಬ್ಯಾಡ್ರಿ.”

“ಔಷಧಿ ಬಿಟ್ರ ಹ್ಯಾಂಗ್ರಿ?”

“ತುರಿಕಿ ಹೋಗ್ತದ್ರಿ.”

“ಕೂದಲಾ?”

“ಅವೂ ಹೋಗ್ತಾವ್ರಿ.”

ಅಕ್ಕನಿಗೆ ಈ ಡಾಕ್ಟರರ ಮೇಲೆ ನಂಬಿಕೆಯಿಲ್ಲ. “ತಮ್ಮಾ, ಆ ಬಾಟ್ಲಿ ಒಗಿ. ಉಳ್ಳಾಗಡ್ಡಿ ರಸಾ ತಿಕ್ಕು” ಎಂದು ಭಾಲ್ಕಿಯಿಂದ ಫೋನು ಮಾಡಿದಳು. ಒಂದು ದಿನ ತಿಕ್ಕಿದೆ. ತುರಿಕೆ ಇಮ್ಮಡಿಯಾಯಿತು, ಜೊತೆಗೆ ಕಚೇರಿಯವರೆಲ್ಲ ಹನ್ನೊಂದು ಗಂಟೆಗೇ ಈರುಳ್ಳಿ ಭಜಿಯ ನೆನಪು ತೆಗೆದರು. ಆದರೆ ಕಚೇರಿಯಲ್ಲಿ ನಿಜವಾದ ಫಜೀತಿ ಬೇರೆ. ಅರ್ಜಿ ಓದುತ್ತ ನಾನು ತಲೆಗೆ ಕೈ ಹಾಕಿದರೆ ಸಾಕು, ಎದುರು ನಿಂತವರ ಮುಖ ಸಣ್ಣದಾಗುತ್ತಿತ್ತು. ಕಾಗದ ಸರಿಯಿದ್ದರೂ, “ಸಾಹೇಬ್ರು ತಲಿ ಕೆರಕೊಂಡ್ರಂದ್ರ ಏನೋ ಕಮ್ಮಿ ಅದ” ಎಂದು ಹೋಗಿ ಇನ್ನೊಂದು ಝೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದರು. ನಮ್ಮ ಕಡೆ ಅಧಿಕಾರಸ್ಥನ ತುರಿಕೆಯೂ ಒಂದು ಆಕ್ಷೇಪಣೆಯೇ.

ಇದು ಕಸ್ತೂರಿಗೆ ಗೊತ್ತಿತ್ತು. ಅದಕ್ಕೇ ಜೀಪು ಹತ್ತುವಾಗ ಎಚ್ಚರಿಸಿದಳು: “ರೀ, ಅಲ್ಲಿ ತಲಿಗಿ ಕೈ ಹಚ್ಚೀರಿ ಮತ್ತ! ಹೆಣ್ಣಿನ ಅಪ್ಪ ತಲಿ ಕೆರಕೊಂಡ ಅಂದ್ರ, ಇವನಿಗಿ ಮನಸ್ಸಿಲ್ಲ ಅಂತಾರ.”

ಅದಕ್ಕಿಂತ ದೊಡ್ಡ ಎಚ್ಚರಿಕೆ ಮಗಳದು. ಸವಿತಾ ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ಹುಡುಗನ ಕೆಲಸ ಕಮಲನಗರದಲ್ಲಿ; ಭಾಲ್ಕಿಯಲ್ಲಿ ಮನೆ ಮಾಡಿದರೆ ಇಬ್ಬರಿಗೂ ಆಗುತ್ತದೆ ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದರು. “ಆದ್ರ ಪಪ್ಪಾ, ಹಿರಿಯರು ನಾಲ್ಕು ಮಂದಿ ಮುಂದ ಹೂಂ ಅನ್ನಬೇಕು,” ಅಂದಿದ್ದಳು. “ನೌಕ್ರಿ ಬಿಡು ಅಂದ್ರ ಈ ಲಗ್ನಾನೇ ನನಗ ಬ್ಯಾಡ. ನೀವು ಎಲ್ಲಾದಕ್ಕೂ ತಲಿ ಅಲ್ಲಾಡಿಸಿ ಬರಬ್ಯಾಡ್ರಿ.” ಬಾವಿಕಟ್ಟೆಯ ಮೇಲೆ ಕೂತವಳು ಇವಳೇ ಎಂಬುದು ನನಗೆ ನೆನಪಿತ್ತು.

ಔರಾದಿನಲ್ಲಿ ಜಮಖಾನೆಯ ಮೇಲೆ ಎದುರುಬದುರು ಕೂತೆವು. ಹುಡುಗನ ತಂದೆ ವೈಜಿನಾಥರಾವ್ ಎದ್ದುಬಂದು ನನ್ನ ಹೆಗಲಿಗೆ ಟವೆಲು ಹೊದಿಸಿ, ತಲೆಗೆ ಬಿಳಿಯ ಟೋಪಿ ಇಟ್ಟರು. ಮಾತಿಗೆ ಬಂದ ಹಿರಿಯರಿಗೆ ನಮ್ಮಲ್ಲಿ ಮಾಡುವ ಮರ್ಯಾದೆ ಇದು. ಆ ಮನೆಯ ಹೊಸ್ತಿಲು ದಾಟುವತನಕ ಟೋಪಿ ತೆಗೆಯುವಂತಿಲ್ಲ, ತೆಗೆದರೆ ಅವಮಾನ. ಖಡಕ್ಕಾಗಿ ಗಂಜಿ ಹಾಕಿದ ಆ ಟೋಪಿ ನನಗೆ ಒಂದು ಅಳತೆ ಬಿಗಿ. ಅಂದು ಬೆಳಿಗ್ಗೆ, ಔರಾದು ಮುಟ್ಟುವುದರೊಳಗೆ ಕೂದಲು ಬಂದೇಬಿಡುತ್ತದೇನೋ ಎಂಬಂತೆ, ನಾನು ಔಷಧಿ ಎರಡು ಹನಿ ಹೆಚ್ಚೇ ಸುರಿದುಕೊಂಡಿದ್ದೆ.

ಐದೇ ನಿಮಿಷ. ಟೋಪಿಯ ಒಳಗೆ ಇರುವೆಗಳು ದೀಪ ಹಚ್ಚಿಕೊಂಡು ಬಂದವು. ಕೈ ಎತ್ತುವಂತಿಲ್ಲ. ಹುಬ್ಬು ಏರಿಸಿದೆ, ಇಳಿಸಿದೆ, ಸಾಲಲಿಲ್ಲ. ಕೊನೆಗೆ ತಲೆಯನ್ನು ಆ ಕಡೆ ಈ ಕಡೆ ತುಸು ಅಲ್ಲಾಡಿಸಿದರೆ ಟೋಪಿಯ ಹೊಲಿಗೆ ನೆತ್ತಿಗೆ ಉಜ್ಜುತ್ತದೆ ಎಂಬುದನ್ನು ಕಂಡುಕೊಂಡೆ. ಆಹಾ! ಆ ಸುಖ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

“ಆಯ್ತ್ ನೋಡ್ರಿ!” ಎಂದು ವೈಜಿನಾಥರಾವ್ ತೊಡೆ ತಟ್ಟಿದರು. “ಬೀಗರು ಒಪ್ಪಿದ್ರು. ಲಗ್ನ ಔರಾದದಾಗೇ!”

ಕಸ್ತೂರಿಯ ಮೊಣಕೈ ನನ್ನ ಪಕ್ಕೆಗೆ ಚುಚ್ಚಿತು. ಲಗ್ನ ಬೀದರಿನಲ್ಲಿ ಎಂದು ಮನೆಯಲ್ಲಿ ಮೂರು ದಿನ ಚರ್ಚಿಸಿ ಬಂದಿದ್ದೆವು. ನನ್ನ ತಲೆ ಅಲ್ಲಾಡಿದಷ್ಟು ಸಲ ನಾವು ಒಪ್ಪಿದಂತೆ ಎಂಬುದು ಆಗ ತಿಳಿಯಿತು. ಅದೇ ಹೊತ್ತಿಗೆ ಹುಡುಗನ ಅಜ್ಜಿ, ಎಲ್ಲರೂ ಆಯಿ ಎನ್ನುವ ಆ ಮನೆಯ ಹೈಕೋರ್ಟು, ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿತು.

“ಸೊಸಿ ಅಂದ್ರ ಮನ್ಯಾಗಿರಬೇಕು. ಮಗಳಿಗಿ ಆ ಭಾಲ್ಕಿ ನೌಕ್ರಿ ಬಿಡಸ್ತೀರಲ್ರಿ?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಭಾಷಣವೊಂದು ನನ್ನ ಹತ್ತಿರವಿತ್ತು. ಆದರೆ ಅದೇ ಗಳಿಗೆಯಲ್ಲಿ ನಾಲ್ಕು ತಿಂಗಳ ತುರಿಕೆಯೆಲ್ಲ ಒಟ್ಟಾಗಿ ನೆತ್ತಿಗೆ ಏರಿತು. ಬಾಯಿ ತೆರೆದರೆ ತಲೆ ಅಲುಗುತ್ತದೆ. ತಲೆ ಅಲುಗಿದರೆ ಮಗಳ ನೌಕರಿ ಹೋಗುತ್ತದೆ, ಇಲ್ಲವೆ ಮದುವೆ ಹೋಗುತ್ತದೆ. ಎರಡೂ ಕೈಗಳಿಂದ ಜಮಖಾನೆ ಹಿಡಿದು ಕಲ್ಲಾಗಿ ಕೂತೆ. ಉಸಿರು ಬಿಗಿಹಿಡಿದೆ. ತುರಿಕೆ ಕಿವಿಯ ಹಿಂದಕ್ಕೆ ಇಳಿಯಿತು, ಮತ್ತೆ ಏರಿತು. ಕಣ್ಣಲ್ಲಿ ನೀರು ತುಂಬಿ, ಕೆನ್ನೆಯ ಮೇಲೆ ದಳದಳನೆ ಇಳಿಯಿತು.

ಎಲ್ಲರೂ ನನ್ನ ಕೆನ್ನೆಯನ್ನೇ ನೋಡಿದರು.

“ಆಯೀ, ನೋಡು,” ಅಂದರು ವೈಜಿನಾಥರಾವ್ ಮೆಲ್ಲಗೆ. “ಹೆಣ್ಣು ಹಡದವನ ಕಣ್ಣಾಗ ನೀರು ತರಸ್ದಿ.”

“ಅಯ್ಯ ನನ್ನಪ್ಪಾ!” ಆಯಿ ಅಡಕೊತ್ತು ಕೆಳಗಿಟ್ಟರು. “ನಾ ಏನು ಹುಲಿ ಇದ್ದೇನೇನು? ಅಳಬ್ಯಾಡ. ಮಾಡ್ಲಿ ಬಿಡು ನೌಕ್ರಿ. ಭಾಲ್ಕ್ಯಾಗೇ ಮನಿ ಮಾಡ್ಲಿ. ಐತವಾರಕ್ಕೊಮ್ಮಿ ಬಂದು ನನಗ ಮಾರಿ ತೋರಿಸಿದ್ರ ಸಾಕು.”

ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆ ಎಂಬ ಸಮಾಧಾನಕ್ಕೆ ನಾನು ತಲೆಯನ್ನು ಅದರ ಪಾಡಿಗೆ ಬಿಟ್ಟೆ. ಅದು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ, ಕಣ್ಣು ಮುಚ್ಚಿಕೊಂಡು ಮನಸಾರೆ ಅಲ್ಲಾಡಿತು. ಆಯಿ ಆಗ ಏನೋ ಹೇಳುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ: “ಎಷ್ಟು ಖುಷೀಲಿಂದ ಒಪ್ಪಿದ್ರು ನೋಡು, ಇಂಥಾ ಬೀಗರು ಸಿಗಬೇಕು!”

ವಾಪಸು ಬರುವಾಗ ಜನವಾಡ ಬರುವವರೆಗೂ ಕಸ್ತೂರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ರೀ, ಕಡೀಕ ಯಾವದಕ್ಕ ತಲಿ ಅಲ್ಲಾಡಿಸಿದ್ರಿ, ಖಬರದ ಏನು?”

“ಯಾವದಕ್ಕ?”

“ಮೊಮ್ಮಗನ ಲಗ್ನ ಗಟ್ಟಿ ಆದ್ರ ಇಬ್ಬರೂ ಬೀಗರು ಮಲ್ಲಣ್ಣ ದೇವರಿಗಿ ತಲಿಗೂದಲಾ ಕೊಡ್ತಾರಂತ ಆಯಿ ಹರಕಿ ಹೊತ್ತಾರಂತ್ರಿ. ‘ನಡೀತದಲ್ರಿ ಬೀಗರ?’ ಅಂತ ನಿಮಗ ಕೇಳಿದ್ರು.”

“ವೈಜಿನಾಥರಾವ್ ಒಪ್ಪಿದ್ರೇನು?”

“ಅವರಿಗೇನ್ರಿ! ತಮ್ಮ ಟೋಪಿ ತೆಗೆದು ಬೆವರು ಒರಸಿಕೊಂಡಾಗ ನೋಡಿದೆ. ದೇವರಿಗಿ ಕೊಡ್ಲಿಕ್ಕ ಅಲ್ಲಿ ಒಂದೂ ಇಲ್ಲ.”

ಜೀಪು ಪಂಕ್ಚರ್ ಆಗಲಿಲ್ಲ. ಪೇಢೆ ಮರೆಯಲಿಲ್ಲ. ಬಿಕ್ಕಳಿಕೆ ಹತ್ತಲಿಲ್ಲ. ಅಕ್ಕ ಬಾವಿಕಟ್ಟೆಯ ಕಥೆ ಹೇಳಿಯೇ ಹೇಳಿದಳು. ಆಯಿ ಎರಡು ಸಲ ಹೇಳಿಸಿಕೊಂಡು ನಕ್ಕರು. ಸವಿತಾಳ ನೌಕರಿ ಉಳಿಯಿತು, ಮದುವೆ ಗಟ್ಟಿಯಾಯಿತು. ಮದುವೆಯಾದ ಮರುವಾರವೇ ಮಲ್ಲಣ್ಣನ ದರ್ಶನ, ಅಲ್ಲೇ ತಲೆ ಬೋಳು. ಅಲ್ಲಿಯವರೆಗೆ ಬೆಳಿಗ್ಗೆ ಸಂಜೆ ಔಷಧಿ ತಪ್ಪಿಸುವಂತಿಲ್ಲ. ಇಬ್ಬರ ಪಾಲಿನ ಹರಕೆ ಈಗ ನನ್ನೊಬ್ಬನ ತಲೆಯ ಮೇಲಿದೆ. ಕೆಟ್ಟದ್ದು ಅಂದರೆ ಒಂದೇ ಒಂದು ಸಣ್ಣ ಸಂಗತಿ: ನಿನ್ನೆ ಕನ್ನಡಿಯಲ್ಲಿ ನೋಡಿಕೊಂಡೆ, ನೆತ್ತಿಯ ಮೇಲೆ ಹೊಸ ಕೂದಲು ಹುಟ್ಟಿವೆ.